ಜೋತುಬಿದ್ದ ಚರ್ಮ ಅಲಂಕಾರದ ವಿಷಯವಲ್ಲ

ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಿಂದಾಗಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 40 ಮುಟ್ಟಿದವರಿಗೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ 35 ಮುಟ್ಟಿದವರಿಗೂ, ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮೆಯ ದಾರಿ ತೆರೆಯಿತು. ಆದರೆ ತೂಕ ಇಳಿದ ಮೇಲೆ ಉಳಿಯುವ ಚರ್ಮದ ಗತಿ?

ನನ್ನ ಅಕ್ಕನಿಗೆ ಹೊಟ್ಟೆಯ ಚರ್ಮ ತೊಡೆಯವರೆಗೆ ಜೋತುಬಿದ್ದಿದೆ. ಮಡಿಕೆಯೊಳಗೆ ಬೆವರು ನಿಂತು ಹುಣ್ಣು, ಶಿಲೀಂಧ್ರದ ಸೋಂಕು. ಮುಲಾಮು ಹಚ್ಚಿದರೆ ಮಾಯುತ್ತದೆ, ಸೆಕೆ ಬಂದರೆ ಮತ್ತೆ ಶುರು. ನಡೆಯುವುದೂ ಕಷ್ಟ. ವೈದ್ಯರು ಚರ್ಮ ತೆಗೆಸಿ ಎಂದರೆ, ವಿಮಾ ಕಂಪನಿ ‘ಸೌಂದರ್ಯ ಚಿಕಿತ್ಸೆ’ ಎಂದು ಅರ್ಜಿ ತಿರಸ್ಕರಿಸಿತು. ಆ ಪತ್ರ ಓದಿ ಹೊಟ್ಟೆ ಉರಿಯಿತು.

ಪ್ಲಾಸ್ಟಿಕ್ ಸರ್ಜರಿಗೆ ವಿಮೆ ಇಲ್ಲವೆಂಬ ನಿಯಮಕ್ಕೆ ಅದೇ ಮಾರ್ಗಸೂಚಿಯಲ್ಲಿ ವಿನಾಯಿತಿಯೂ ಇತ್ತು: ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆ, ಇಲ್ಲವೇ ಆರೋಗ್ಯಕ್ಕೆ ನೇರ ಹಾಗೂ ತಕ್ಷಣದ ಅಪಾಯ ನಿವಾರಿಸುವ ಚಿಕಿತ್ಸೆ ಎಂದು ವೈದ್ಯರು ಪ್ರಮಾಣೀಕರಿಸಿದ ಪ್ರಕರಣ. ಈ ‘ತಕ್ಷಣದ’ ಎಂಬ ಪದವೇ ಕಂಪನಿಗಳ ಗುರಾಣಿ. ತಿಂಗಳುಗಟ್ಟಲೆ ಮರುಕಳಿಸುವ ಸೋಂಕು ಅಪಾಯವಲ್ಲವೇ? ಬೊಜ್ಜು ರೋಗವೆಂದು ಒಪ್ಪಿದ ಮೇಲೆ ಅದರ ಚಿಕಿತ್ಸೆಯ ಪರಿಣಾಮವನ್ನು ಅಲಂಕಾರ ಎನ್ನುವುದು ಅನ್ಯಾಯ.

ಇದೇ ಸಂಕಟದಲ್ಲಿರುವವರು ಚರ್ಮರೋಗ ತಜ್ಞರ ಚೀಟಿ, ಸೋಂಕಿನ ಫೋಟೊ, ಔಷಧದ ಬಿಲ್ಲುಗಳನ್ನು ದಿನಾಂಕಸಹಿತ ಕಾಪಾಡಿಕೊಳ್ಳಿ. ಕಂಪನಿ ಲಿಖಿತ ದೂರಿಗೂ ಬಗ್ಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಮರುಕಳಿಸುವ ಸೋಂಕಿದ್ದವರಿಗೆ ಚರ್ಮ ತೆಗೆಯುವ ಶಸ್ತ್ರಚಿಕಿತ್ಸೆಯೂ ವಿಮೆಗೆ ಅರ್ಹ ಎಂದು ಪ್ರಾಧಿಕಾರ ಸ್ಪಷ್ಟವಾಗಿ ನಿಯಮದಲ್ಲೇ ಬರೆಯಲಿ.

– ಓದುಗರೊಬ್ಬರು, ದಾವಣಗೆರೆ