ಅಂಗಳದ ನೀರು ಎಲ್ಲಿಗೆ?

ಮಡಂತ್ಯಾರಿನ ಸುತ್ತಿನ ಹಲವು ಹೊಸ ಮನೆಗಳ ಮುಂದೆ ಈಗ ಒಂದೇ ಬಗೆಯ ಅಲಂಕಾರ: ಗೋಡೆಯಿಂದ ಗೇಟಿನವರೆಗೆ ಸಿಮೆಂಟಿನ ಇಂಟರ್‌ಲಾಕ್ ಹಾಸು, ಅಂಚಿನಲ್ಲಿ ಒಂದಿಷ್ಟು ಹುಲ್ಲುಹಾಸು. ನೋಟಕ್ಕೆ ಅಚ್ಚುಕಟ್ಟು, ಮಳೆಗಾಲದಲ್ಲಿ ಕಾಲಿಗೆ ಕೆಸರು ತಾಕದು, ಬಿಸಿಲಿಗೆ ಹರಡಿದ ಅಡಕೆಯೂ ಚೊಕ್ಕಟವಾಗಿರುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ವಿದ್ಯಾರ್ಥಿಮಿತ್ರರು ತುಸು ಲೆಕ್ಕ ಹಾಕಿ ನೋಡಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯುಂಟು. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಹಾಗಾದರೆ 100 ಚದರ ಮೀಟರಿನ ಅಂಗಳಕ್ಕೆ ಬೀಳುವ ನೀರು 4 ಲಕ್ಷ ಲೀಟರ್! ಕೆಳಗಿರುವುದು ರಂಧ್ರಮಯವಾದ ಮುರಕಲ್ಲು. ನೀರನ್ನು ಹೀರಿ ಬಾವಿಗೆ ಒಸರಿಸಬಲ್ಲ ಆ ನೆಲಕ್ಕೆ ಮುಚ್ಚಳ ಹಾಕಿ ನೀರನ್ನು ರಸ್ತೆಯ ಚರಂಡಿಗೆ ಅಟ್ಟುತ್ತೇವೆ. ಏಪ್ರಿಲಿನಲ್ಲಿ ಬಾವಿಯ ತಳ ಕಂಡಾಗ ಕೊಳವೆಬಾವಿ ಕೊರೆಯುವವರನ್ನು ಕರೆಯುತ್ತೇವೆ.

ಹುಲ್ಲುಹಾಸಿನ ಮಾತು ಇನ್ನೂ ವಿಚಿತ್ರ. ವರ್ಷವಿಡೀ ಮಳೆ ಹಂಚಿಕೊಂಡು ಬೀಳುವ ಇಂಗ್ಲೆಂಡಿನಲ್ಲಿ ಬೆಳೆದ ಈ ಅಭಿರುಚಿ ನಮ್ಮ ಬೇಸಗೆಯಲ್ಲಿ ದಿನವೊಂದಕ್ಕೆ ಚದರ ಮೀಟರಿಗೆ ನಾಲ್ಕೈದು ಲೀಟರ್ ನೀರು ಬೇಡುತ್ತದೆ. ಬೇರೂರಿದ ಕೇಪುಳದ ಗಿಡ ಅಷ್ಟು ಕಾಡುವುದಿಲ್ಲ. ಆದರೂ ಅದನ್ನು ಕಾಡುಗಿಡವೆಂದು ಕಿತ್ತೆಸೆದು, ಅದರ ಬಳಗದ ಕುಬ್ಜ ಗಿಡವನ್ನೇ ನರ್ಸರಿಯಿಂದ ಕೊಂಡು ತರುವವರುಂಟು!

ಸಗಣಿ ಸಾರಿಸಿದ ಹಳೆಯ ಅಂಗಳವೂ ಬಿಗಿಯಾದುದೇ. ಆದರೆ ಅದರ ನೀರು ತೋಟಕ್ಕೆ ಇಳಿಯುತ್ತಿತ್ತು. ಹಾಸು ಬೇಕೇ ಬೇಕೆನ್ನುವವರು ವಾಹನ ನಿಲ್ಲುವಷ್ಟಕ್ಕೆ ಮಾತ್ರ ಹಾಕಿಸಿ, ಅಡಿಗೆ ಕಾಂಕ್ರೀಟಿನ ಬದಲು ಜಲ್ಲಿ, ಮರಳು ತುಂಬಿಸಿ, ಹರಿಯುವ ನೀರನ್ನು ಮೂಲೆಯ ಇಂಗುಗುಂಡಿಗೆ ತಿರುಗಿಸಬಹುದು. ಗುಂಡಿಯು ಮನೆಯ ತಳಪಾಯಕ್ಕೆ ಒತ್ತಿಕೊಂಡಿರಬಾರದು. ಶೌಚಗುಂಡಿಯ ಬಳಿಯಂತೂ ಬೇಡವೇ ಬೇಡ.