ಚೆಂಡು ಕಂಡರೆ ತಡವಾಯಿತು

ಕಳೆದ ತಿಂಗಳು ಮೊಮ್ಮಗಳ ಶಾಲೆಯ ಸಾಫ್ಟ್‌ಬಾಲ್ ಪಂದ್ಯಕ್ಕೆ ನನ್ನನ್ನು ಅಧಿಕೃತ ಛಾಯಾಗ್ರಾಹಕನನ್ನಾಗಿ ನೇಮಿಸಲಾಯಿತು. ನೇಮಿಸಿದವಳು ಮೊಮ್ಮಗಳೇ. ಸಂಬಳ ಎರಡು ಕಡಲೆ ಮಿಠಾಯಿ. ಅಳಿಯ ಬಳಸದೆ ಇಟ್ಟಿದ್ದ ಹಳೆಯ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟೆ. ನಾನು ಫೋಟೊ ತೆಗೆಯಲು ಕಲಿತದ್ದು ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಒಂದೊಂದನ್ನೂ ಕ್ಯಾಷ್ ಕೌಂಟರಿನಲ್ಲಿ ನೋಟು ಕೊಡುವ ಹಾಗೆ ಎರಡು ಸಲ ಯೋಚಿಸಿ ತೆಗೆಯಬೇಕಿತ್ತು. ಈಗಿನದರಲ್ಲಿ ಸಾವಿರ ಹಿಡಿಯುತ್ತದಂತೆ. ಹಾಗಿದ್ದ ಮೇಲೆ ಕಷ್ಟವೇನು ಎಂದುಕೊಂಡಿದ್ದೆ.

ಮಕ್ಕಳೇ, ಸಾಫ್ಟ್‌ಬಾಲ್ ಹೆಸರಿಗಷ್ಟೇ ಸಾಫ್ಟ್. ಚೆಂಡು ಗಟ್ಟಿ, ಹಳದಿ ಬಣ್ಣ, ಸುತ್ತಳತೆ 12 ಅಂಗುಲ. ಆದರೆ ಹುಟ್ಟಿದಾಗ ಅದು ನಿಜಕ್ಕೂ ಮೆತ್ತಗಿತ್ತು. 1887ರಲ್ಲಿ ಅಮೆರಿಕದ ಷಿಕಾಗೊ ನಗರದ ಒಂದು ದೋಣಿ ಕ್ಲಬ್ಬಿನಲ್ಲಿ ಕೆಲವರು ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾಯುತ್ತ ಕೂತಿದ್ದರು. ಒಬ್ಬ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಅದನ್ನು ಕೋಲಿನಿಂದ ಹೊಡೆದ. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗ್ಲೌಸನ್ನೇ ಚೆಂಡಿನಂತೆ ಬಿಗಿದು ಕಟ್ಟಿ ಆಟ ಶುರು ಮಾಡಿದ. ಅಂದು ಯಾರಾದರೂ ಫೋಟೊ ತೆಗೆದಿದ್ದರೆ ಸುಲಭವಾಗಿ ಸಿಗುತ್ತಿತ್ತೇನೋ.

ನನಗೆ ಸಿಗಲಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ತೆಗೆದ ನೂರಾರು ಚಿತ್ರಗಳಲ್ಲಿ ಒಂದರಲ್ಲೂ ಚೆಂಡಿರಲಿಲ್ಲ! ಬ್ಯಾಟ್ ಬೀಸಿ ಮುಗಿಸಿದ ಹುಡುಗಿ, ಖಾಲಿ ಗಾಳಿ, ಯಾರದೋ ಬೆನ್ನು, ಒಂದರಲ್ಲಿ ನಾಯಿ.

ಮಧ್ಯಂತರದಲ್ಲಿ ಟೀ ಕುಡಿಯುತ್ತ ಲೆಕ್ಕ ಹಾಕಿದೆ. ಲೆಕ್ಕ ನನ್ನ ಹಳೆಯ ಚಟ. ಚೆಂಡು ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುತ್ತದೆ ಎನ್ನಿ. ಅಂದರೆ ಸೆಕೆಂಡಿಗೆ 20 ಮೀಟರ್. ದೊಡ್ಡವರ ಮಹಿಳಾ ಪಂದ್ಯಗಳಲ್ಲಿ ಎಸೆಯುವವಳಿಗೂ ಹೊಡೆಯುವವಳಿಗೂ ನಡುವೆ 43 ಅಡಿ, ಸುಮಾರು 13 ಮೀಟರ್. ಚೆಂಡು ಅಷ್ಟು ದೂರ ಬರಲು ಮುಕ್ಕಾಲು ಸೆಕೆಂಡೂ ಬೇಡ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಕಾಲು ಸೆಕೆಂಡಾದರೂ ಬೇಕು, ಎಪ್ಪತ್ತು ದಾಟಿದ ಬೆರಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಆ ಕಾಲು ಸೆಕೆಂಡಿನಲ್ಲಿ ಚೆಂಡು ಐದು ಮೀಟರ್ ಮುಂದೆ ಹೋಗಿರುತ್ತದೆ. ಬ್ಯಾಟಿಗೂ ಚೆಂಡಿಗೂ ಇರುವ ಸ್ಪರ್ಶವಂತೂ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು. ಅದನ್ನು ಕಂಡ ಮೇಲೆ ಒತ್ತುತ್ತೇನೆ ಎನ್ನುವವನಿಗೆ ಖಾಲಿ ಗಾಳಿಯೇ ಗತಿ. ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಇನ್ನೊಂದು ತಮಾಷೆ ಇದೆ. ಚಿತ್ರ ಮೂಡುವ ಆ ಕ್ಷಣದಲ್ಲಿ ಒಳಗಿನ ಕನ್ನಡಿ ಮೇಲೆದ್ದು ಕಣ್ಣಿಗೆ ಕತ್ತಲು ಕವಿಯುತ್ತದೆ. ಹೊಡೆತವನ್ನು ಕಣ್ಣಾರೆ ಕಂಡೆ ಎಂದರೆ ಕ್ಯಾಮೆರಾ ಅದನ್ನು ಕಂಡಿಲ್ಲ ಎಂದೇ ಅರ್ಥ.

ಒತ್ತಿ ಹಿಡಿದರೆ ಟಕಟಕನೆ ಸಾಲು ಚಿತ್ರ ಬರುತ್ತದಲ್ಲ ಎಂದು ನೀವು ಕೇಳಬಹುದು. ಮೊಮ್ಮಗಳೂ ಕೇಳಿದಳು. ನಮ್ಮ ಕ್ಯಾಮೆರಾ ಸೆಕೆಂಡಿಗೆ ಐದು ತೆಗೆಯುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಚೆಂಡು ನಾಲ್ಕು ಮೀಟರ್ ಓಡುತ್ತದೆ. ಬೇಕಾದದ್ದು ಆ ನಾಲ್ಕು ಮೀಟರಿನೊಳಗೇ ನಡೆದುಹೋಗುತ್ತದೆ.

ಹಾಗಾಗಿ ಚೆಂಡನ್ನು ನೋಡುವುದು ಬಿಟ್ಟು ಹುಡುಗಿಯರನ್ನು ನೋಡತೊಡಗಿದೆ. ಸಾಫ್ಟ್‌ಬಾಲಿನಲ್ಲಿ ಎಸೆಯುವವಳು ಕೈಯನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರ ಚೆಂಡು ಬಿಡುತ್ತಾಳೆ. ಆ ಸುತ್ತಿಗೆ ಒಂದು ತಾಳವಿದೆ. ಐದಾರು ಎಸೆತ ಕ್ಯಾಮೆರಾ ಇಳಿಸಿ ಸುಮ್ಮನೆ ನೋಡಿ, ಬಾಯಲ್ಲೇ ಎಣಿಸಿಕೊಳ್ಳಿ, ಆಮೇಲೆ ಕೈ ನೆತ್ತಿಯ ಮೇಲೆ ಬಂದಾಗಲೇ ಗುಂಡಿ ಒತ್ತಿ. ಹೊಡೆಯುವವಳ ಗುರುತು ಅವಳ ಮುಂಗಾಲು. ಅದು ನೆಲಕ್ಕೂರಿದ ಬೆನ್ನಿಗೇ ಬ್ಯಾಟ್ ಬರುತ್ತದೆ. ಬೇಸಿನ ಮೇಲೆ ನಿಂತ ಓಟಗಾರ್ತಿಗೆ ನಿಯಮವೇ ಗುರುತು: ಎಸೆಯುವವಳ ಕೈಯಿಂದ ಚೆಂಡು ಬಿಡುವ ತನಕ ಅವಳು ಕದಲುವಂತಿಲ್ಲ. ಇನ್ನು ಮೊದಲನೇ ಬೇಸಿಗೆ ಎಲ್ಲರೂ ಬರಲೇಬೇಕು, ಬೇರೆ ದಾರಿಯಿಲ್ಲ. ಅಲ್ಲಿಗೆ ಮೊದಲೇ ಫೋಕಸ್ ಮಾಡಿಟ್ಟು ಬಸ್ ಸ್ಟಾಪಿನಲ್ಲಿ ಕಾದ ಹಾಗೆ ಕಾದರಾಯಿತು.

ಶಟರ್ ವೇಗ ಸಾವಿರದ ಒಂದು ಸೆಕೆಂಡ್ ಇಟ್ಟರೆ ಆ ಹೊತ್ತಿನಲ್ಲಿ ಚೆಂಡು ಚಲಿಸುವುದು ಎರಡೇ ಸೆಂಟಿಮೀಟರ್, ಚಿತ್ರ ಚೊಕ್ಕ. ನೂರರ ಒಂದು ಇಟ್ಟರೆ 20 ಸೆಂಟಿಮೀಟರ್, ಚೆಂಡು ಹಳದಿ ಬಾಳೆಹಣ್ಣಾಗುತ್ತದೆ. ತಂತಿ ಬೇಲಿಯ ಹಿಂದೆ ನಿಂತಿದ್ದರೆ ಲೆನ್ಸನ್ನು ಬೇಲಿಗೆ ತೀರ ಹತ್ತಿರ ಹಿಡಿಯಿರಿ, ತಂತಿ ಚಿತ್ರದಲ್ಲಿ ಕರಗಿಹೋಗುತ್ತದೆ. ಚಿತ್ರದಾಸೆಗೆ ಬೇಲಿ ದಾಟಿ ಒಳಗೆ ಮಾತ್ರ ಹೋಗಬೇಡಿ. ಅಡ್ಡ ಹಾರಿದ ಚೆಂಡಿಗೆ ಛಾಯಾಗ್ರಾಹಕ ಯಾರು, ಕಂಬ ಯಾವುದು ಎಂಬ ಭೇದವಿಲ್ಲ.

ಎಷ್ಟು ಲೆಕ್ಕ ಹಾಕಿದರೂ ಆಟ ಒಮ್ಮೊಮ್ಮೆ ಎಲ್ಲರನ್ನೂ ಬೇಸ್ತು ಬೀಳಿಸುತ್ತದೆ. ಟೋಕಿಯೊ ಒಲಿಂಪಿಕ್ಸಿನ ಫೈನಲ್ 2021ರ ಜುಲೈ 27ರಂದು ಯೊಕೊಹಾಮಾದಲ್ಲಿ ನಡೆಯಿತು. ಆರನೇ ಇನ್ನಿಂಗ್ಸಿನಲ್ಲಿ ಅಮೆರಿಕದ ಆಟಗಾರ್ತಿ ಬಾರಿಸಿದ ಚೆಂಡು ಜಪಾನಿನ ಯು ಯಮಮೊಟೊ ಅವರ ಕೈಗೆ ಬಡಿದು ಪಕ್ಕಕ್ಕೆ ಚಿಮ್ಮಿತು. ಅದು ನೆಲ ಮುಟ್ಟುವ ಮೊದಲೇ ಮನಾ ಅತ್ಸುಮಿ ಹಿಡಿದು ಎರಡನೇ ಬೇಸಿಗೆ ಎಸೆದರು. ಒಂದೇ ಏಟಿಗೆ ಇಬ್ಬರು ಔಟ್! ಜಪಾನ್ 2–0ರಿಂದ ಚಿನ್ನ ಗೆದ್ದಿತು. ಅತ್ಸುಮಿ ನಿಂತ ಜಾಗಕ್ಕೆ ಯಾವ ಲೆಕ್ಕದ ಮೇಲೆ ಫೋಕಸ್ ಇಡುತ್ತೀರಿ?

ಈಗ ನಮ್ಮ ಪಂದ್ಯದ ಕೊನೆಗೆ ಬರುತ್ತೇನೆ. ಎರಡೂ ತಂಡ ಸಮ. ಎದುರಾಳಿ ಹುಡುಗಿ ಎತ್ತಿ ಬಾರಿಸಿದಳು. ಚೆಂಡು ನೇರ ಮೊಮ್ಮಗಳ ಆಪ್ತ ಗೆಳತಿಯ ಕಡೆಗೆ ಹೋಯಿತು. ನಾನು ಅವಳ ಗ್ಲೌಸಿಗೆ ಗುರಿಯಿಟ್ಟು, ಚೆಂಡು ಇನ್ನೂ ಮೇಲಿರುವಾಗಲೇ ಒತ್ತಿದೆ. ಕ್ಯಾಚ್ ತಪ್ಪಿತು. ಪಂದ್ಯವೂ ಹೋಯಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಆ ದಿನದ 412 ಚಿತ್ರಗಳಲ್ಲಿ ಕರಾರುವಾಕ್ಕಾಗಿ ಬಂದದ್ದು ಅದೊಂದೇ. ಗ್ಲೌಸಿನ ಅಂಚಿನಿಂದ ಹೆಬ್ಬೆರಳಿನಷ್ಟು ದೂರ ಜಾರಿದ ಚೆಂಡು, ಅದರ ಹೊಲಿಗೆ ಕೂಡ ಎಣಿಸಬಹುದು. ನಾನು ಹಿಗ್ಗಿದೆ. ಮೊಮ್ಮಗಳು ಹಿಂದೆ ನಿಂತು ನೋಡಿ, "ತಾತ, ಅದನ್ನ ಡಿಲೀಟ್ ಮಾಡಿ. ಗ್ರೂಪಿಗೆ ಬಂದ್ರೆ ಎಲ್ರೂ ಅವಳನ್ನ ಆಡ್ಕೊಂಡು ನಗ್ತಾರೆ" ಎಂದಳು. ಆ ಹುಡುಗಿ ಎರಡು ದಿನದಿಂದ ಶಾಲೆಗೇ ಬಂದಿರಲಿಲ್ಲವಂತೆ.

ಬ್ಯಾಂಕಿನಲ್ಲಿ ಒಂದು ವೋಚರನ್ನೂ ಹರಿದವನಲ್ಲ ನಾನು. ಜೀವಮಾನದ ಒಳ್ಳೆಯ ಚಿತ್ರ ಅಳಿಸಲು ಬೆರಳು ಬರಲಿಲ್ಲ. ಆದರೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಚಿತ್ರ ಆ ಹುಡುಗಿಯದು, ನನ್ನದಲ್ಲ, ಅವಳನ್ನೇ ಕೇಳೋಣ ಎಂದೆ. "ಕೇಳೋದಕ್ಕೂ ತೋರಿಸ್ಬೇಕಲ್ಲ ತಾತ, ಅವಳು ಅತ್ರೆ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರ ಯಾರಿಗೂ ಕಳಿಸದೆ ಹಾಗೇ ಇಟ್ಟೆ.

ಭಾನುವಾರ ಗೆಳತಿ ತಾನಾಗಿಯೇ ಮನೆಗೆ ಬಂದಳು. ಮೊಮ್ಮಗಳು ಬಾಯಿ ಬಿಟ್ಟಿದ್ದಳೆಂದು ಕಾಣುತ್ತದೆ. "ತಾತ, ನನ್ ಫೋಟೊ ತೋರಿಸಿ" ಎಂದಳು. ತೋರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಅಡುಗೆಮನೆಯಿಂದ ನನ್ನಾಕೆ ಎರಡು ಸಲ ಇಣುಕಿ ನೋಡಿದಳು. ಆಮೇಲೆ ಹುಡುಗಿ ಪರದೆಗೆ ಬೆರಳಿಟ್ಟು, "ಇಲ್ನೋಡಿ, ನಾನು ಬಾಲ್ ನೋಡ್ತಾನೇ ಇಲ್ಲ" ಎಂದಳು.

ನಿಜ. ಚೆಂಡಿನ ಹೊಲಿಗೆ ಎಣಿಸಿದ ನಾನು ಅವಳ ಕಣ್ಣು ನೋಡಿರಲಿಲ್ಲ. ಅವಳ ದೃಷ್ಟಿ ಆಗಲೇ ಹೋಮ್ ಪ್ಲೇಟಿನ ಕಡೆ ಓಡುತ್ತಿದ್ದವಳ ಮೇಲಿತ್ತು. ಹಿಡಿಯುವ ಮೊದಲೇ ಎಲ್ಲಿಗೆ ಎಸೆಯಬೇಕೆಂದು ನೋಡಿದ್ದಳು. "ನನ್ ಕೈ ಸರಿ ಇಲ್ಲ ಅಂದ್ಕೊಂಡಿದ್ದೆ" ಎಂದು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಗ್ರೂಪಿಗೆ ಹಾಕಬಾರದು, ಆದರೆ ತನಗೊಂದು ಪ್ರಿಂಟ್ ಬೇಕು ಎಂದಳು. ನನ್ನಾಕೆ ಕೊಟ್ಟ ಕೋಡುಬಳೆ ತಿಂದು ಇಬ್ಬರೂ ಅಂಗಳಕ್ಕೆ ಹೋದರು. ಸಂಜೆಯವರೆಗೂ ಚೆಂಡು ಗ್ಲೌಸಿಗೆ ಬೀಳುವ ಸದ್ದು ಕೇಳುತ್ತಿತ್ತು. ನಡುನಡುವೆ ಪಕ್ಕದ ಮನೆಯವರ ತಗಡಿನ ಸದ್ದೂ.

ಶನಿವಾರ ಅವರಿಗೆ ಅಭ್ಯಾಸವಿದೆ, ಬರಬೇಕೆಂದು ಇಬ್ಬರೂ ಹೇಳಿಹೋಗಿದ್ದಾರೆ. ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ.