ತೋಟ ಇಲ್ಲಿ, ತಿರುಳು ಅಲ್ಲಿ



ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸೀಮೆಯ ತೋತಾಪುರಿ ಮಾವು ಮುಖ್ಯವಾಗಿ ತಿರುಳು ಉದ್ಯಮಕ್ಕೆ, ಅಂದರೆ ಹಣ್ಣಿನ ರಸಭಾಗವನ್ನು ಬೇರ್ಪಡಿಸಿ, ಕಾಯಿಸಿ, ಕೆಡದಂತೆ ತುಂಬಿ ಪಾನೀಯ ತಯಾರಕರಿಗೆ ಮಾರುವ ಉದ್ಯಮಕ್ಕೆ ಒದಗುವ ತಳಿಯಾಗಿದ್ದರೂ, ಅಂಥ ಕಾರ್ಖಾನೆಗಳು ದಟ್ಟವಾಗಿರುವುದು ನೆರೆಯ ಆಂಧ್ರಪ್ರದೇಶದ ಚಿತ್ತೂರಿನಲ್ಲಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ತಡೆಯೊಡ್ಡಿದಾಗ ಕರ್ನಾಟಕದ ಮುಖ್ಯಮಂತ್ರಿಯೇ ಆಂಧ್ರಪ್ರದೇಶದ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ಚಿತ್ತೂರನ್ನು ದೂರುವುದು ಸುಲಭ. ಆದರೆ ಹಣ್ಣು ತೊಳೆಯುವ, ವಿಂಗಡಿಸುವ, ತುಂಬುವ, ಸಾಗಿಸುವ ಕೂಲಿಯೆಲ್ಲ ಹಣ್ಣಿನೊಡನೆಯೇ ಗಡಿ ದಾಟುತ್ತಿದ್ದುದನ್ನು ಇಷ್ಟು ವರ್ಷ ಯಾರೂ ಲೆಕ್ಕ ಹಾಕಲಿಲ್ಲವೆಂಬುದೇ ಸೋಜಿಗ.

ಮಾವಿನ ಸುಗ್ಗಿ ಕೆಲವೇ ವಾರಗಳದ್ದಾದ್ದರಿಂದ ಅದೊಂದನ್ನೇ ನಂಬಿ ಇಲ್ಲೇ ತೆರೆಯುವ ಕಾರ್ಖಾನೆ ಉಳಿದ ತಿಂಗಳು ಖಾಲಿ ಕೂರಬೇಕಾಗುತ್ತದೆಂಬ ಆಕ್ಷೇಪ ನಿಜವೇ. ಆದರೆ ಬೆಲೆ ಕುಸಿದಾಗ ರಸ್ತೆಗೆ ಸುರಿಯುವ ಟೊಮೆಟೊ ಅದೇ ಕೋಲಾರ ಜಿಲ್ಲೆಯಲ್ಲಿದೆ, ಸೀಬೆಯೂ ಇದೆ, ಒಂದೇ ಘಟಕದಲ್ಲಿ ಇವೆಲ್ಲವನ್ನೂ ಸಂಸ್ಕರಿಸಬಹುದು. 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯು ವೈಯಕ್ತಿಕ ಘಟಕಗಳಿಗೆ ಯೋಜನಾ ವೆಚ್ಚದ ಶೇ 35ರಷ್ಟನ್ನು, 10 ಲಕ್ಷ ರೂಪಾಯಿ ಮಿತಿಯಲ್ಲಿ, ಸಾಲಕ್ಕೆ ಜೋಡಿಸಿದ ಸಹಾಯಧನವಾಗಿ ಕೊಡುತ್ತದೆ. ಉಪ್ಪಿನಕಾಯಿ ಘಟಕಕ್ಕೆ ಸಾಕಾಗುವ ಈ ಮೊತ್ತ ತಿರುಳು ಕಾರ್ಖಾನೆಗೆ ಏನೇನೂ ಸಾಲದು. ಆದ್ದರಿಂದ ಬೆಳೆಗಾರರ ಸಹಕಾರಿ ಒಡೆತನದಲ್ಲಿ ಶ್ರೀನಿವಾಸಪುರಕ್ಕೆ ಇಂಥದೊಂದು ಕಾರ್ಖಾನೆಯನ್ನು ರಾಜ್ಯ ಸರ್ಕಾರ ತಡಮಾಡದೆ ಮಂಜೂರು ಮಾಡಬೇಕು.